ಹಡಗು ಕೂಗುವವರೆಗೆ

ಪರ್ವಿಸ್ ಮನೆಯ ಮುಂಬಾಗಿಲು ತೆಗೆದು ಒಂಬತ್ತು ವರ್ಷವಾಗಿತ್ತು. ಹೊಸ ಸೋಫಾ ತಂದಾಗ ಹಿತ್ತಿಲ ಗೋಡೆಯ ಮೇಲಿಂದ ಎತ್ತಿ ಇಳಿಸಿದರು. ಬಟ್ಟೆ ಒಗೆಯುವ ಮಷಿನ್ನು ಹಿತ್ತಿಲ ಗೇಟಿನಲ್ಲಿ ಸಿಕ್ಕಿಕೊಂಡು ಅರ್ಧ ದಿನ ಮಳೆಯಲ್ಲಿ ನೆನೆಯಿತು. ಹೊತ್ತು ತಂದವರು, "ಮುಂದೆ ಅಷ್ಟು ಅಗಲದ ಬಾಗಿಲಿದೆಯಲ್ಲ, ತೆಗೀರಿ ತಾಯಿ" ಎಂದು ಗೋಗರೆದರೂ ಮನೆಯವರು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಆ ಬಾಗಿಲಿಗೆ ಉಳಿದಿದ್ದ ಕೆಲಸ ಒಂದೇ, ಅಂಚೆಯವನು ಅದರ ಸೀಳಿನಲ್ಲಿ ಕಾಗದ ತೂರುವುದು.

ಇಂಗ್ಲೆಂಡಿನ ನಾರ್ತ್ ಶೀಲ್ಡ್ಸ್‌ನ ನಮ್ಮ ಬೀದಿ ಟೈನ್ ನದಿಯ ಕಡೆಗೆ ಇಳಿಯುತ್ತದೆ. ಮನೆಗೆ ಮನೆ ಅಂಟಿಕೊಂಡಿರುವುದರಿಂದ ಪಕ್ಕದವರ ಅಡುಗೆಮನೆಯಲ್ಲಿ ಚಮಚ ಬಿದ್ದರೂ ಕೇಳುತ್ತದೆ. ಪರ್ವಿಸರು ಬಾಗಿಲು ತೆಗೆಯದ ಕಾರಣ ನಮಗೆಲ್ಲ ಗೊತ್ತಿತ್ತು, ಅಥವಾ ಗೊತ್ತಿದೆ ಎಂದು ನಂಬಿಕೊಂಡಿದ್ದೆವು.

ಹೊಸ ವರ್ಷದ ರಾತ್ರಿ ನಮ್ಮಲ್ಲಿ ಮನೆಯ ಕಪ್ಪು ಕೂದಲಿನ ಗಂಡಸು ಹನ್ನೆರಡಕ್ಕೆ ಮುಂಚೆ ಹಿತ್ತಿಲಿನಿಂದ ಹೊರಗೆ ಹೋಗಬೇಕು, ಕೈಯಲ್ಲಿ ಒಂದು ಚೂರು ಕಲ್ಲಿದ್ದಲು ಹಿಡಿದು. ವರ್ಷ ತಿರುಗಿದ ಮೇಲೆ ಬಂದು ಮುಂಬಾಗಿಲು ಬಡಿಯಬೇಕು. ಮೊದಲ ಹೆಜ್ಜೆ ಅವನದಾದರೆ ವರ್ಷವಿಡೀ ಒಲೆ ತಣ್ಣಗಾಗುವುದಿಲ್ಲ. ಪರ್ವಿಸ್ ಮನೆಯಲ್ಲಿ ಅದು ಹಿರಿಮಗ ಗ್ಲೆನ್‌ನ ಕೆಲಸ. ಅವನಷ್ಟು ಕಪ್ಪು ಕೂದಲು ಬೀದಿಯಲ್ಲೇ ಯಾರಿಗೂ ಇರಲಿಲ್ಲ. ಇಪ್ಪತ್ತರ ಹುಡುಗ. ಆ ವರ್ಷ ಹೊರಗೆ ಹೋದವನು ಒಳಗೆ ಬರಲೇ ಇಲ್ಲ. ಬೆಳಿಗ್ಗೆ ನದಿಯಂಚಿನ ಮೀನುಕಟ್ಟೆಯ ಹಿಮಗಟ್ಟಿದ ಮೆಟ್ಟಿಲುಗಳ ಕೆಳಗೆ ನೀರಿನಲ್ಲಿ ಸಿಕ್ಕಿದ.

ಅವನ ತಾಯಿ ಡೆನೀಸ್ ಆ ರಾತ್ರಿ ವೃದ್ಧಾಶ್ರಮದಲ್ಲಿ ಪಾಳಿಯಲ್ಲಿದ್ದಳು. ಬೆಳಿಗ್ಗೆ ಮನೆಗೆ ಬಂದಾಗ ಮುಂಬಾಗಿಲ ಹೊಸ್ತಿಲ ಮೇಲೆ ಕಲ್ಲಿದ್ದಲ ಚೂರು ಕೂತಿತ್ತು. ಅತ್ತೆ ಎಡ್ನಾ ಅವಳಿಗೆ ಹೇಳಿದ್ದು ಇಷ್ಟೇ: "ಬಾಗಿಲು ಬಡೀಲೇ ಇಲ್ಲ ಕಣೇ. ಇಟ್ಟು ಹಾಗೇ ಹೊರಟುಹೋಗಿದಾನೆ. ಗೆಳೆಯರು ಕುಡಿಯೋಕೆ ಕರೆದಿರ್ಬೇಕು." ಪೊಲೀಸರೂ ಅದನ್ನೇ ಬರೆದುಕೊಂಡರು. ಮಗನನ್ನು ಮಣ್ಣು ಮಾಡಿ ಬಂದ ಸಂಜೆ ಡೆನೀಸ್ ತಾನೇ ಮುಂಬಾಗಿಲಿಗೆ ಅಗುಳಿ ಜಡಿದಳು. ಬಾಗಿಲವರೆಗೆ ಬಂದು ಒಳಗೆ ಬರದೆ ಹೋದನಲ್ಲ ಎಂಬ ಸಿಟ್ಟು ಸತ್ತವನ ಮೇಲೂ ಹೋಗಲಿಲ್ಲ. ಕಲ್ಲಿದ್ದಲನ್ನು ಮಾತ್ರ ಎಸೆಯಲಿಲ್ಲ. ಅದು ಅಡುಗೆಮನೆಯ ಕಿಟಕಿಯಲ್ಲಿ, ಪಾತ್ರೆ ಸೋಪಿನ ಪಕ್ಕ, ಒಂಬತ್ತು ವರ್ಷ ಕೂತಿತ್ತು.

ಗ್ಲೆನ್‌ನ ತಂಗಿ ಎರಿನ್‌ಗೆ ಈಗ ಹತ್ತೊಂಬತ್ತು. ಸಂಜೆ ಮೀನು ಕರಿಯುವ ಅಂಗಡಿಯಲ್ಲಿ ಕೆಲಸ. ಎಷ್ಟು ತಿಕ್ಕಿದರೂ ಕೂದಲಿನ ಎಣ್ಣೆ ವಾಸನೆ ಹೋಗುತ್ತಿರಲಿಲ್ಲ. ಗುರುವಾರ ಕಟ್ಟೆಯ ಹತ್ತಿರದ ಪಬ್ಬಿನಲ್ಲಿ ಯಾರು ಬೇಕಾದರೂ ಹಾಡಬಹುದು. ಅಲ್ಲಿ ಹಳೇ ಗಿಟಾರು ಹಿಡಿದು ತಾನೇ ಕಟ್ಟಿದ ಹಾಡು ಹಾಡುತ್ತಿದ್ದಳು. ನವೆಂಬರಿನಲ್ಲಿ ಒಂದು ದಿನ ಲಂಡನ್ನಿನ ಸಣ್ಣ ರೆಕಾರ್ಡ್ ಕಂಪನಿಯ ಇಮೋಜೆನ್ ಎಂಬವಳು ಬೇರೆ ಯಾರನ್ನೋ ಕೇಳಲು ಬಂದು ಇವಳನ್ನು ಕೇಳಿದಳು. ಆ ಸುದ್ದಿಯನ್ನು ಎರಿನ್ ಮನೆಯಲ್ಲಿ ಸಂಜೆಯ ಊಟದ ಹೊತ್ತಿಗೆ ಹೇಳಿದಳು.

"ಕಾಸು ಕೊಡ್ತಾರಾ?" ಎಂದ ಅಪ್ಪ ಅಲೆಕ್. ಅವನು ಮೀನುಕಟ್ಟೆಯಲ್ಲಿ ಮೀನು ಸೀಳುವವನು, ಬೆರಳು ತುಂಬ ಗಾಯದ ಗುರುತು.

"ಈಗ ಸ್ವಲ್ಪ. ಆಮೇಲೆ ಮಾರಾಟದಲ್ಲಿ ಪಾಲು."

"ಅಂದ್ರೆ ಕೊಡಲ್ಲ ಅನ್ನು."

"ನೀವು ಸುಮ್ನಿರ್ರೀ," ಎಂದಳು ಡೆನೀಸ್. ಅವಳ ಮುಖ ಅರಳಿತ್ತು. "ಯಾವ ಹಾಡೇ ಅದು? ನಮಗೆ ಕೇಳ್ಸೇ ಇಲ್ವಲ್ಲ."

"ನದಿ ಮೇಲೆ ಒಂದು ಹಾಡಮ್ಮ. ಹೊಸ ವರ್ಷದ ರಾತ್ರಿ ರೇಡಿಯೋದಲ್ಲಿ ಹಾಕಿಸ್ತಾಳಂತೆ. ಹೊಸ ಗಾಯಕರ ಕಾರ್ಯಕ್ರಮ ಇದೆಯಂತೆ. ಅದು ಜನಕ್ಕೆ ಹಿಡಿಸಿದ್ರೆ ಜನವರೀಲಿ ಲಂಡನ್ನಿಗೆ ಬಾ, ಪೂರ್ತಿ ರೆಕಾರ್ಡ್ ಮಾಡೋಣ ಅಂದಿದಾಳೆ."

"ಹೊಸ ವರ್ಷದ ರಾತ್ರಿ," ಎಂದು ಡೆನೀಸ್ ತನಗೇ ಹೇಳಿಕೊಂಡಳು. ಒಂಬತ್ತು ವರ್ಷದಿಂದ ಆ ರಾತ್ರಿಯ ಪಾಳಿ ಅವಳೇ ಕೇಳಿ ಹಾಕಿಸಿಕೊಳ್ಳುತ್ತಿದ್ದಳು, ಮನೆಯಲ್ಲಿ ಇರಬಾರದೆಂದು. "ಹಾಗಾದ್ರೆ ಈ ಸಲ ರಜಾ ಹಾಕ್ತೀನಿ. ಮಗಳು ರೇಡಿಯೋದಲ್ಲಿ ಹಾಡ್ತಿದ್ರೆ ನಾನು ಅಲ್ಲಿ ಮುದುಕರ ಹಾಸಿಗೆ ಬದಲಾಯ್ಸಕ್ಕಾಗುತ್ತಾ?"

ಎಡ್ನಾ ಆಲೂಗಡ್ಡೆಯನ್ನು ಫೋರ್ಕಿನಲ್ಲಿ ಜಜ್ಜುತ್ತಾ ಮೊಮ್ಮಗಳನ್ನೇ ನೋಡುತ್ತಿದ್ದಳು.

ಎರಿನ್ ಹಾಡು ಅಭ್ಯಾಸ ಮಾಡುತ್ತಿದ್ದುದು ಹಿತ್ತಿಲ ಒಗೆಯುವ ಕೋಣೆಯಲ್ಲಿ, ಬಕೀಟು ಕಸಪೊರಕೆಗಳ ನಡುವೆ. ಎರಡು ದಿನ ಬಿಟ್ಟು ಬಟ್ಟೆ ಕ್ಲಿಪ್ಪಿನ ಬುಟ್ಟಿ ಹಿಡಿದು ಎಡ್ನಾ ಬಂದಳು. ಒಳಗೆ ಬರದೆ ಬಾಗಿಲ ಆಚೆಯೇ ನಿಂತು ಕೇಳಿದಳು. ಎಂಬತ್ತರ ಹತ್ತಿರದ ಹೆಂಗಸು, ಕಿವಿ ಮಾತ್ರ ಚುರುಕು.

*ಮೂರು ಸಲ ಬಡಿದ ಅವನು, ಮೂರು ಸಲವೂ ನಕ್ಕೆವು,
ಹಡಗು ಕೂಗಲಿ, ಆಮೇಲೆ ಬಾ ಎಂದೆವು...*

"ನಿಲ್ಸೇ," ಎಂದಳು ಎಡ್ನಾ.

ಎರಿನ್ ತಂತಿಗಳ ಮೇಲೆ ಕೈಯಿಟ್ಟಳು.

"ಇದನ್ನಾ ನೀನು ರೇಡಿಯೋದಲ್ಲಿ ಹಾಡೋದು? ನಿಮ್ಮಮ್ಮನ ಮುಂದೆ?"

"ಅಜ್ಜಿ, ಹೆಸರು ಯಾರದ್ದೂ ಹಾಕಿಲ್ಲ."

"ನಿಮ್ಮಮ್ಮ ದಡ್ಡೀನಾ? ಮಾತು ಕೊಟ್ಟಿದ್ದೆ ನೀನು ನಂಗೆ."

"ಹತ್ತು ವರ್ಷದವಳು ಕೊಟ್ಟ ಮಾತು ಅಜ್ಜಿ ಅದು! ನೀನು ಕೊಡ್ಸಿದ್ದು!"

ಗ್ಲೆನ್ ಹೋದ ಆ ರಾತ್ರಿ ನಡೆದದ್ದು ಈ ಇಬ್ಬರಿಗೆ ಮಾತ್ರ ಗೊತ್ತಿತ್ತು. ಅಲೆಕ್ ರಮ್ ಕುಡಿದು ಕುರ್ಚಿಯಲ್ಲೇ ನಿದ್ದೆ ಹೋಗಿದ್ದ. ಬಾಗಿಲ ಹಿಂದೆ ಕಾದು ನಿಂತಿದ್ದವರು ಎಡ್ನಾ ಮತ್ತು ಎರಿನ್. ಎಡ್ನಾಳ ಹುಡುಗಿತನದಲ್ಲಿ ಟೈನ್ ನದಿಯ ತುಂಬ ಹಡಗು. ವರ್ಷ ತಿರುಗುತ್ತಲೇ ಎಲ್ಲವೂ ಸೈರನ್ ಊದಿ ಒಟ್ಟಿಗೆ ಕೂಗಿದರೆ ಕಪಾಟಿನ ಲೋಟಗಳು ನಡುಗುತ್ತಿದ್ದವು. ಅವಳ ಪಾಲಿಗೆ ಅದೇ ಹನ್ನೆರಡು. ಗಡಿಯಾರ ಹಿಂದೆ ಮುಂದೆ ಓಡಬಹುದು, ಪಟಾಕಿಯನ್ನು ಪೋಲಿ ಹುಡುಗರು ಸಂಜೆಯಿಂದಲೇ ಹೊಡೆಯುತ್ತಾರೆ. ಹಡಗು ಕೂಗುವ ಮೊದಲು ಬಾಗಿಲು ತೆಗೆದರೆ ಹಳೇ ವರ್ಷದ ದರಿದ್ರವೆಲ್ಲ ಮನೆಯಲ್ಲೇ ಉಳಿಯುತ್ತದೆ ಎಂಬುದು ಅವಳ ಕಟ್ಟುನಿಟ್ಟು.

ಗ್ಲೆನ್ ಬಡಿದ. "ಹನ್ನೆರಡಾಯ್ತು, ತೆಗಿ ಅಜ್ಜಿ!"

"ಹಡಗು ಕೂಗಿಲ್ವೋ ಕಳ್ಳ! ಮೋಸ ಮಾಡ್ತೀಯಾ?"

"ಹಡಗು ಕೂಗಿಲ್ಲ, ಹಡಗು ಕೂಗಿಲ್ಲ!" ಎಂದು ಎರಿನ್ ಕುಣಿದಳು.

ಮತ್ತೆ ಬಡಿದ. ಚಳಿ ಕಣಜ್ಜಿ ಎಂದ. ಇಬ್ಬರೂ ಬಿದ್ದು ಬಿದ್ದು ನಕ್ಕರು. ಮೂರನೇ ಸಲ ಬಡಿದು ಅವನೂ ನಕ್ಕ. "ಸರಿ ಹಾಗಾದ್ರೆ. ನಾನೇ ಕೆಳಗೆ ಹೋಗಿ ಹಡಗು ಕೂಗ್ಸಿ ಬರ್ತೀನಿ, ಇರಿ." ಬೂಟಿನ ಸದ್ದು ಇಳಿಜಾರಿನಲ್ಲಿ ಇಳಿದುಹೋಯಿತು.

ಆ ರಾತ್ರಿ ಕೂಗುವುದಕ್ಕೆ ನದಿಯಲ್ಲಿ ಒಂದು ಹಡಗೂ ಇರಲಿಲ್ಲ. ಹಳೇ ಕಾಲ ಮುಗಿದು ಎಷ್ಟೋ ವರ್ಷವಾಗಿತ್ತು. ಎಡ್ನಾ ಅದನ್ನು ಒಪ್ಪಿಕೊಂಡಿರಲಿಲ್ಲ, ಅಷ್ಟೇ.

"ನನ್ ಕಾಲ ಇನ್ನೆಷ್ಟು ದಿನ," ಎಂದಳು ಎಡ್ನಾ ಒಗೆಯುವ ಕೋಣೆಯ ಬಾಗಿಲಲ್ಲಿ. "ನಾನು ಹೋದ್ಮೇಲೆ ಹಾಡ್ಕೋ. ಊರೆಲ್ಲ ಹಾಡ್ಕೋ. ಅಲ್ಲೀವರ್ಗೂ ಬೇಡ ಕಂದಾ. ಅಂಚೆಯವನು ಕಾಗದ ಹಾಕಿದ್ರೂ ನನ್ ಎದೆ ಒಡ್ಯುತ್ತೆ, ಗೊತ್ತಾ ನಿಂಗೆ? ಅವನೇ ಬಡ್ದ ಅನ್ಸುತ್ತೆ. ದಿನಾ."

ಎರಿನ್‌ಗೂ ಅನ್ನಿಸುತ್ತಿತ್ತು. ಅಜ್ಜಿಯ ಮೇಲೆ ಕನಿಕರವೂ ಬಂತು, ಮೈ ಉರಿಯಿತು ಕೂಡ.

ಕೊನೆಗೆ ಅವಳು ಹಾಡನ್ನೇ ಬದಲಾಯಿಸಿದಳು. ನ್ಯೂಕ್ಯಾಸಲ್‌ನಲ್ಲಿ ಬಾಡಿಗೆಗೆ ಹಿಡಿದಿದ್ದ ರೆಕಾರ್ಡಿಂಗ್ ಕೋಣೆಯಲ್ಲಿ "ಬಡಿದ" ಎಂಬಲ್ಲಿ "ಹಾದುಹೋದ" ಎಂದು ಹಾಡಿದಳು, "ನಕ್ಕೆವು" ಎಂಬಲ್ಲಿ "ಕಾದೆವು" ಎಂದಳು. ಇಮೋಜೆನ್ ಗಾಜಿನ ಆಚೆ ಕೂತು ಕೇಳಿದಳು. ಮತ್ತೆ ಹಾಡಿಸಿದಳು. ಆಮೇಲೆ ಒಳಗೆ ಬಂದು ಎದುರಿಗೆ ಕೂತಳು.

"ಏನಾಯ್ತು ಇದಕ್ಕೆ? ಪಬ್ಬಲ್ಲಿ ಕೇಳಿದಾಗ ನಂಗೆ ಕೈ ಕಾಲು ತಣ್ಣಗಾಗಿತ್ತು. ಈಗ ಯಾವುದೋ ಶುಭಾಶಯ ಪತ್ರ ಓದಿದ ಹಾಗಿದೆ."

"ಮನೇಲಿ ತೊಂದ್ರೆ ಆಗುತ್ತೆ."

"ನೋಡು, ನಿಮ್ಮ ಮನೆ ವಿಷಯ ನಂಗೆ ಗೊತ್ತಿಲ್ಲ, ಬೇಕಾಗೂ ಇಲ್ಲ. ಆದ್ರೆ ಇದನ್ನ ನಾನು ರೇಡಿಯೋದವರಿಗೆ ಕೊಡಲಾರೆ. ಮುಂದಿನ ವಾರ ಇದೇ ಕೋಣೆ ಇನ್ನೊಂದು ಸಲ ಹಿಡಿದಿಟ್ಟಿರ್ತೀನಿ. ಬಂದು ಹಳೇದನ್ನ ಹಾಡು. ಆಗಲ್ಲ ಅಂದ್ರೆ ಬರಬೇಡ. ನಿನ್ ಮೇಲೆ ನಂಗೇನೂ ಸಿಟ್ಟಿಲ್ಲ."

ಆ ಭಾನುವಾರದ ಊಟಕ್ಕೆ ಡೆನೀಸ್ ಒಳ್ಳೆಯ ಮಾಂಸವನ್ನೇ ತಂದು ಹುರಿದಿದ್ದಳು. ಮೇಲೆ ಗ್ರೇವಿ, ಉಬ್ಬಿದ ಪುಡ್ಡಿಂಗು, ಅಲೆಕ್‌ಗೆ ಇಷ್ಟದ ಬಟಾಣಿ. ವೃದ್ಧಾಶ್ರಮದಲ್ಲಿ ಎಲ್ಲರಿಗೂ ಹೇಳಿ ಬಂದಿದ್ದಳು. ಅಲ್ಲಿನ ಮುದುಕರು ಹೊಸ ವರ್ಷದ ರಾತ್ರಿ ರೇಡಿಯೋ ಸುತ್ತ ಕೂರುವುದೆಂದು ತೀರ್ಮಾನವಾಗಿತ್ತಂತೆ.

"ಹಾಕ್ದೇನೂ ಇರಬಹುದಮ್ಮ," ಎಂದಳು ಎರಿನ್ ತಟ್ಟೆ ನೋಡುತ್ತಾ. "ಹಾಡು ಸರಿ ಬರ್ಲಿಲ್ಲ."

"ಸರಿ ಬರ್ಲಿಲ್ಲ ಅಂದ್ರೆ? ಇನ್ನೊಂದ್ಸಲ ಹಾಡು."

"ಬೇಡ ಅನ್ಸುತ್ತೆ."

"ಬೇಡ ಅಂತಿದಾಳಲ್ಲ, ಬಿಡು," ಎಂದಳು ಎಡ್ನಾ ಬೇಗನೆ. "ಲಂಡನ್ನಲ್ಲಿ ಏನಿದೆ? ಮೀನಂಗ್ಡಿ ಕೆಲ್ಸ ಚೆನ್ನಾಗೇ ಇದೆ."

ಡೆನೀಸ್ ಚಾಕು ಕೆಳಗಿಟ್ಟಳು. "ನಾನೇ ಕತ್ತೆ. ಆಶ್ರಮದಲ್ಲೆಲ್ಲ ಸಾರಿಕೊಂಡು ಬಂದೆ. ನೀನೂ ಅವನ ಹಾಗೇ ಕಣೇ. ಬಾಗಿಲವರೆಗೆ ಬರೋದು, ಒಳಗೆ ಬಾರದೆ ಹೋಗೋದು. ಒಂದು ಹೆಜ್ಜೆ! ಒಂದು ಸಲ ಬಡಿಯೋಕೆ ಅವನಿಗೆ ಏನಾಗಿತ್ತು? ಅಜ್ಜಿ ಕಾದಿದ್ಲು, ತಂಗಿ ಕಾದಿದ್ಲು, ಇವನಿಗೆ ಗೆಳೆಯರೇ ಹೆಚ್ಚಾದ್ರು—"

"ಬಡಿದಿದ್ದ ಅಮ್ಮ."

ಎಡ್ನಾ "ಎರಿನ್" ಎಂದಳು, ಬಹಳ ಮೆಲ್ಲಗೆ.

"ಬಡಿದಿದ್ದ! ಮೂರು ಸಲ ಬಡಿದ. ನಾವೇ ತೆಗೀಲಿಲ್ಲ. ಹಡಗು ಕೂಗಿಲ್ಲ ಅಂತ ತೆಗೀಲಿಲ್ಲ. ನಗ್ತಾ ಇದ್ವಿ ನಾವು. ಗೆಳೆಯರೂ ಇಲ್ಲ ಯಾರೂ ಇಲ್ಲ, ಹಡಗು ಕೂಗ್ಸೋಕೆ ಅಂತ ಕೆಳಗೆ ಹೋದ!"

ಮೇಜಿನ ಮೇಲೆ ಗ್ರೇವಿ ಆರುತ್ತಿತ್ತು. ಅಲೆಕ್ ತನ್ನ ಗಾಯದ ಕೈಗಳನ್ನು ಮಡಿಲಲ್ಲಿಟ್ಟುಕೊಂಡು, "ನಾನು ಯಾವತ್ತೂ ಕೇಳ್ಲಿಲ್ಲ," ಎಂದ. "ಏನೋ ಇದೆ ಅಂತ ಗೊತ್ತಿತ್ತು. ಕೇಳ್ದೇ ಇದ್ಬಿಟ್ಟೆ." ಅವನ ಮಾತನ್ನು ಯಾರೂ ಗಮನಿಸಲಿಲ್ಲ.

ಡೆನೀಸ್ ಅತ್ತೆಯ ಕಡೆ ನೋಡಲೂ ಇಲ್ಲ. ಮಗಳನ್ನೇ ಕೇಳಿದಳು. "ಬಂದಿದ್ನಾ?"

"ಬಂದಿದ್ದಮ್ಮ."

"ಬಾಗಿಲಿಗೆ? ಒಳಗೆ ಬರೋಕೆ ಅಂತ ಬಂದಿದ್ನಾ?"

"ಹೂಂ."

ಡೆನೀಸ್ ಎದ್ದು ತಟ್ಟೆಗಳನ್ನು ಎತ್ತಿಕೊಂಡಳು, ಯಾರೂ ಉಂಡು ಮುಗಿಸದಿದ್ದರೂ. ಸಿಂಕಿನ ಮುಂದೆ ನಿಂತು ನೀರು ಬಿಟ್ಟಳು. ಎರಿನ್ ಒರೆಸುವ ಬಟ್ಟೆ ಹಿಡಿದು ಪಕ್ಕದಲ್ಲಿ ನಿಂತಳು. ಪಾತ್ರೆ ಮುಗಿಯುವವರೆಗೂ ತಾಯಿ ಕೇಳುತ್ತಲೇ ಇದ್ದಳು. ಏನಂದ? ಮೊದಲು ಏನಂದ? ಯಾವ ದನಿಯಲ್ಲಿ ಅಂದ? ಕೋಪ ಬಂದಿತ್ತಾ ಅವನಿಗೆ? ನಕ್ಕನಾ? ನಕ್ಕ ಅಂದ್ಯಲ್ಲ, ಜೋರಾಗಾ? ಕೊನೆಯ ಮಾತನ್ನು ಎರಿನ್ ಹೇಳಿದಾಗ ಅವಳು ನಲ್ಲಿ ನಿಲ್ಲಿಸಿ ಇನ್ನೊಂದು ಸಲ ಹೇಳಿಸಿದಳು. ನಾನೇ ಹೋಗಿ ಹಡಗು ಕೂಗ್ಸಿ ಬರ್ತೀನಿ, ಇರಿ.

"ಅದು ಹಾಡಲ್ಲಿದೆಯಾ?"

"ಇಲ್ಲಮ್ಮ."

"ಹಾಕು. ಹೋಗಿ ಹಾಡಿ ಬಾ."

ಮುಂದಿನ ವಾರ ಎರಿನ್ ನ್ಯೂಕ್ಯಾಸಲ್‌ಗೆ ಹೋಗಿ ಹಾಡಿದಳು. ಗಾಜಿನ ಆಚೆಯಿಂದ ಇಮೋಜೆನ್ ಎರಡನೇ ಸಲ ಹಾಡಲು ಹೇಳಲಿಲ್ಲ.

ಮನೆಯಲ್ಲಿ ಆ ಡಿಸೆಂಬರು ಹೇಗೆ ಕಳೆಯಿತೆಂದು ಹೇಳುವುದು ಕಷ್ಟ. ಜಗಳವಾಗಿದ್ದರೆ ಗೋಡೆಯಾಚೆ ನಮಗೆ ಕೇಳುತ್ತಿತ್ತು, ಕೇಳಿದ್ದರೆ ಸಮಾಧಾನವೂ ಆಗುತ್ತಿತ್ತು. ಡೆನೀಸ್ ಅತ್ತೆಗೆ ಹೊತ್ತುಹೊತ್ತಿಗೆ ಊಟ ಕೊಟ್ಟಳು, ಮಾತ್ರೆ ಎತ್ತಿಟ್ಟಳು. ಶನಿವಾರ ಬಿಸಿನೀರಿನ ಬೋಗುಣಿ ತಂದು ಅವಳ ಕಾಲುಗುರು ಕತ್ತರಿಸಿದಳು, ಆಶ್ರಮದಲ್ಲಿ ಮಾಡುವ ಹಾಗೆ. ಮಾತು ಮಾತ್ರ ಒಂದೂ ಇಲ್ಲ.

"ಬೈಯ್ಯೇ ಒಂದ್ಸಲ," ಎಂದಳು ಎಡ್ನಾ, ಕಾಲು ನೀರಲ್ಲಿಟ್ಟುಕೊಂಡು. "ಹೊಡಿಯಾದ್ರೂ ಹೊಡಿ."

ಡೆನೀಸ್ ಇನ್ನೊಂದು ಕಾಲನ್ನು ಎತ್ತಿ ಟವೆಲಿನ ಮೇಲೆ ಇಟ್ಟುಕೊಂಡಳು.

"ಒಂದು ಸುಳ್ಳು ಹೇಳ್ದೆ, ಆಮೇಲೆ ವಾಪಸ್ ತಗೊಳ್ಳೋಕೆ ಆಗ್ಲಿಲ್ಲ ಕಣೇ. ನಂಗೂ ಅವನು ಮೊಮ್ಮಗ."

ಡೆನೀಸ್ ಬೋಗುಣಿಯ ನೀರು ಚೆಲ್ಲಲು ಹಿತ್ತಿಲಿಗೆ ಹೋದಳು. ತುಂಬ ಹೊತ್ತು ಒಳಗೆ ಬರಲಿಲ್ಲ.

ಎಡ್ನಾ ಎರಿನ್ ಮೇಲೂ ಹರಿಹಾಯ್ದಳು. "ನಿನ್ನ ಹಾಡಿಗೋಸ್ಕರ ನನ್ನ ಬೀದಿಗೆ ಎಳೆದ್ಯಲ್ಲ. ಹೋಗು, ಲಂಡನ್ನಿಗೆ ಹೋಗಿ ದೊಡ್ಡವಳಾಗು." ಎರಿನ್‌ಗೆ ಅದೇ ಮುಳ್ಳಾಯಿತು. ಅಣ್ಣನಿಗೋಸ್ಕರ ಹೇಳಿದೆನೋ ಹಾಡಿಗೋಸ್ಕರ ಹೇಳಿದೆನೋ ಅವಳಿಗೇ ಗೊತ್ತಾಗಲಿಲ್ಲ. ಮಲಗಿದರೆ ಕೆಳಗೆ ಯಾರೋ ಬಡಿದಂತಾಗಿ ಎದ್ದು ಕೂರುತ್ತಿದ್ದಳು.

ಹೊಸ ವರ್ಷದ ರಾತ್ರಿ ನಾಲ್ವರೂ ಅಡುಗೆಮನೆಯಲ್ಲಿ ಕೂತರು. ಮೇಜಿನ ಮೇಲೆ ಹ್ಯಾಮು, ಶುಂಠಿ ವೈನು, ಯಾರೂ ಮುಟ್ಟದ ಕೇಕು. ಬೀದಿಯಲ್ಲಿ ಪಟಾಕಿ ಶುರುವಾಗಿತ್ತು. ಕಿಟಕಿಯ ಮೇಲೆ ರೇಡಿಯೋ. ಹನ್ನೆರಡು ಸಮೀಪಿಸಿದಾಗ ಎರಿನ್‌ಳ ಹಾಡು ಬಂತು.

ರೇಡಿಯೋದಲ್ಲಿ ಅವಳ ದನಿ ಬೇರೆ ಯಾರದೋ ಅನ್ನಿಸುತ್ತಿತ್ತು. ಅಲೆಕ್ ನೆಲ ನೋಡುತ್ತಾ ಕೇಳಿದ. ಎಡ್ನಾ ಶಾಲಿನ ಅಂಚನ್ನು ಬಾಯಿಗೆ ಒತ್ತಿಕೊಂಡಿದ್ದಳು. "ಮೂರು ಸಲ ಬಡಿದ" ಎಂಬ ಸಾಲು ಬಂದಾಗ ಡೆನೀಸ್ ಎದ್ದಳು. ಕೋಟು ಹಾಕಿಕೊಂಡಳು, ಕಿಟಕಿಯಿಂದ ಏನನ್ನೋ ಎತ್ತಿಕೊಂಡಳು, ಹಿತ್ತಿಲ ಬಾಗಿಲು ತೆಗೆದು ಹೊರಟುಹೋದಳು.

"ಎಲ್ಲಿಗೆ?" ಎಂದ ಅಲೆಕ್.

ಎರಿನ್ ಹಿತ್ತಿಲಿಗೆ ಓಡಿದಳು. ಗೇಟು ತೆರೆದಿತ್ತು, ಓಣಿ ಖಾಲಿ. ಕೆಳಗೆ ನದಿ ಕಪ್ಪಗೆ ಕಾಣುತ್ತಿತ್ತು. "ಅಮ್ಮಾ!" ಎಂದು ಕೂಗಿದಳು. ಪಟಾಕಿಯ ಸದ್ದಿನಲ್ಲಿ ತನ್ನ ದನಿ ತನಗೇ ಕೇಳಲಿಲ್ಲ. ಅಲೆಕ್ ಬೂಟಿಗಾಗಿ ತಡಕಾಡುತ್ತಾ, "ಕಟ್ಟೆ ಕಡೆ ಹೋದ್ಲಾ? ಮೆಟ್ಟಿಲ ಕಡೆ ಹೋದ್ಲಾ?" ಎನ್ನುತ್ತಿದ್ದ. ಲೇಸು ಕಟ್ಟದೆಯೇ ಎದ್ದು ನಿಂತ.

ಆಗ ಮುಂಬಾಗಿಲು ಬಡಿದ ಸದ್ದಾಯಿತು.

ಮೂವರೂ ಕಲ್ಲಾದರು. ಮತ್ತೆ ಬಡಿಯಿತು. ಅದೇ ಬಾಗಿಲು, ಅದೇ ಸದ್ದು. ಎರಿನ್ ಹಿತ್ತಿಲಿನಿಂದ ಒಳಗೆ ಬಂದಳು. ನದಿಯ ಕಡೆಯಿಂದ ಒಂದು ಹಡಗೂ ಕೂಗಿರಲಿಲ್ಲ.

ಅಲೆಕ್ ಮುಂದೆ ಹೆಜ್ಜೆ ಇಟ್ಟ. "ಬಿಡು," ಎಂದಳು ಎಡ್ನಾ. "ನಾನು ತೆಗೀತೀನಿ."

ಕೋಲು ಬಿಟ್ಟು ಗೋಡೆ ಹಿಡಿದು ಹಜಾರದಲ್ಲಿ ನಡೆದಳು. ಅಗುಳಿ ತುಕ್ಕು ಹಿಡಿದು, ಮೇಲೆ ಬಣ್ಣ ಮೆತ್ತಿಕೊಂಡು ಕೂತಿತ್ತು. ಎರಡು ಕೈಯಲ್ಲಿ ಎಳೆದಳು, ಅಲುಗಲಿಲ್ಲ. ಹೊರಗೆ ಮೂರನೇ ಸಲ ಬಡಿಯಿತು, ಆಮೇಲೆ ಸದ್ದು ನಿಂತಿತು.

"ಹೋಗ್ಬೇಡ!" ಎಂದು ಎಡ್ನಾ ಕಿರುಚಿಕೊಂಡಳು. ಬಾಗಿಲಿಗೆ ಹಣೆ ಒತ್ತಿ, ಉಗುರಿನಿಂದ ಅಗುಳಿ ಕೆರೆಯುತ್ತಾ ಕಿರುಚಿದಳು. "ಅಲ್ಲೇ ಇರು, ತೆಗೀತಿದೀನಿ, ತೆಗೀತಿದೀನಿ ಕಂದಾ, ಕೆಳಗೆ ಹೋಗ್ಬೇಡ ಕಣೋ!"

ಕಣೋ ಎಂದದ್ದು ಎಲ್ಲರಿಗೂ ಕೇಳಿಸಿತು. ಯಾರೂ ತಿದ್ದಲಿಲ್ಲ. ಅಲೆಕ್ ಒಲೆಯ ಸಲಾಕೆ ತಂದು ಅಗುಳಿಗೆ ಹೊಡೆದ. ಬಣ್ಣ ಚಕ್ಕೆಯಾಗಿ ಉದುರಿತು, ಅಗುಳಿ ಜಾರಿತು, ಬಾಗಿಲನ್ನು ಎಡ್ನಾ ತಾನೇ ಎಳೆದು ತೆಗೆದಳು.

ಹೊಸ್ತಿಲ ಹೊರಗೆ ಡೆನೀಸ್ ನಿಂತಿದ್ದಳು, ಕೈಯಲ್ಲಿ ಆ ಕಲ್ಲಿದ್ದಲು ಹಿಡಿದು. ಬೆಳ್ಳನೆಯ ಕೂದಲಿನ ಹೆಂಗಸು. ಎಡ್ನಾಳ ಲೆಕ್ಕದಲ್ಲಿ ವರ್ಷದ ಮೊದಲ ಹೆಜ್ಜೆಗೆ ಅದಕ್ಕಿಂತ ಕೆಟ್ಟ ಶಕುನವಿಲ್ಲ.

"ಹಡಗು ಕೂಗಿಲ್ಲ ಅತ್ತೆ," ಎಂದಳು ಡೆನೀಸ್. ಮೂರು ವಾರಗಳಲ್ಲಿ ಅತ್ತೆಯೊಡನೆ ಅವಳಾಡಿದ ಮೊದಲ ಮಾತು.

"ಕೂಗದಿದ್ರೆ ಬಿಡು. ಬಾ ಒಳಗೆ."

ಡೆನೀಸ್ ಕೂಡಲೇ ಬರಲಿಲ್ಲ. ಹೊಸ್ತಿಲ ಮೇಲೆ ಒಂದು ಪಕ್ಕಕ್ಕೆ ಸರಿದು ನಿಂತಳು, ಹಿಂದಿರುವವನಿಗೆ ನೀನು ಮೊದಲು ಹೋಗು ಎಂದು ದಾರಿ ಬಿಡುವ ಹಾಗೆ. ಒಳಗೆ ಎಡ್ನಾ ಕೂಡ ಗೋಡೆಗೆ ಒತ್ತಿಕೊಂಡು ಜಾಗ ಬಿಟ್ಟಳು. ತಣ್ಣನೆಯ ಗಾಳಿ ಹಜಾರದ ಉದ್ದಕ್ಕೂ ಬಂದು ಅಡುಗೆಮನೆಯವರೆಗೆ ಹೋಯಿತು. ಅಲ್ಲಿ ರೇಡಿಯೋದವನು ಖಾಲಿ ಕುರ್ಚಿಗಳಿಗೆ ಹಾಡುಗಾರ್ತಿಯ ಹೆಸರು ಹೇಳುತ್ತಿದ್ದ, ಎರಿನ್ ಪರ್ವಿಸ್, ನಾರ್ತ್ ಶೀಲ್ಡ್ಸ್‌ನವಳು. ಅದನ್ನು ಯಾರೂ ಕೇಳಿಸಿಕೊಳ್ಳಲಿಲ್ಲ.

ಆಮೇಲೆ ಡೆನೀಸ್ ಒಳಗೆ ಬಂದಳು. ಕಲ್ಲಿದ್ದಲನ್ನು ಅತ್ತೆಯ ಕೈಯಲ್ಲಿಟ್ಟಳು.

ಅಲೆಕ್ ಬಾಗಿಲು ಮುಚ್ಚಲು ಕೈ ಚಾಚಿದ.

"ಇರ್ಲಿ ಬಿಡಿ," ಎಂದಳು ಡೆನೀಸ್. "ಸ್ವಲ್ಪ ಹೊತ್ತು ತೆಗೆದೇ ಇರ್ಲಿ."